ಲಿಫ್ಟುಗಳ ಸುರಕ್ಷತಾ ಪರೀಕ್ಷೆ: ಸ್ವತಂತ್ರ ಸಲಹಾ ಹಾಗೂ ತರಬೇತಿ ಸೇವೆಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬಹುಮಹಡಿ ವಸತಿ ಸಮುಚ್ಚಯಗಳು, ಆಸ್ಪತ್ರೆಗಳು, ಕಚೇರಿಗಳು, ವಾಣಿಜ್ಯ ಸಂಕೀರ್ಣಗಳು ಹಾಗೂ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇಂದು ನಿತ್ಯಬಳಕೆಯ ಸಾಧನವಾಗಿರುತ್ತದೆ. ವೃದ್ಧರು, ಗರ್ಭಿಣಿಯರು, ರೋಗಿಗಳು ಮತ್ತು ಅಂಗವಿಕಲರಿಗೆ ಲಿಫ್ಟ್ ಇಲ್ಲದೆ ಮನೆಯಿಂದ ಹೊರಬರುವುದೇ ಅಸಾಧ್ಯವಾದ ಸಂದರ್ಭಗಳೂ ಇರುತ್ತವೆ.

ಲಿಫ್ಟ್ ಪ್ರತಿದಿನ ಚಲಿಸುತ್ತಿದೆ ಎಂದ ಮಾತ್ರಕ್ಕೆ ಅದು ಸುರಕ್ಷಿತವಾಗಿದೆ ಎಂದು ಭಾವಿಸತಕ್ಕದ್ದಲ್ಲ. ಬೀಳುವ ಕ್ಯಾಬಿನ್ನನ್ನು ಹಿಡಿದು ನಿಲ್ಲಿಸುವ ಸೇಫ್ಟಿ ಗೇರ್, ಅತಿವೇಗವನ್ನು ಗುರುತಿಸುವ ಗವರ್ನರ್, ಬಾವಿಯ ತಳದಲ್ಲಿರುವ ಬಫರ್ ಮುಂತಾದ ಸಾಧನಗಳು ಸಾಮಾನ್ಯ ದಿನಗಳಲ್ಲಿ ಕೆಲಸ ಮಾಡುವುದೇ ಇಲ್ಲ. ಅವು ಕೆಲಸ ಮಾಡಬೇಕಾದುದು ಉಳಿದೆಲ್ಲವೂ ವಿಫಲವಾದ ಕ್ಷಣದಲ್ಲಿ ಮಾತ್ರ. ಆದುದರಿಂದ ಅವು ಸುಸ್ಥಿತಿಯಲ್ಲಿವೆಯೇ ಎಂಬುದನ್ನು ತಿಳಿಯಲು ಪರೀಕ್ಷೆಯ ಹೊರತು ಅನ್ಯಮಾರ್ಗವಿಲ್ಲ. 1854ರಲ್ಲಿ ನ್ಯೂಯಾರ್ಕ್ ನಗರದ ವಸ್ತುಪ್ರದರ್ಶನದಲ್ಲಿ ಎಲಿಶಾ ಓಟಿಸ್ ಅವರು ತಾವು ನಿಂತಿದ್ದ ವೇದಿಕೆಯ ಹಗ್ಗವನ್ನೇ ಕತ್ತರಿಸಲು ಹೇಳಿ, ವೇದಿಕೆ ಬೀಳದೆ ನಿಲ್ಲುವುದನ್ನು ಜನರಿಗೆ ತೋರಿಸಿದರು. ಲಿಫ್ಟಿನ ಮೇಲೆ ಜನರಿಗೆ ವಿಶ್ವಾಸ ಮೂಡಿದ್ದು ಅಂತಹ ಬಹಿರಂಗ ಪರೀಕ್ಷೆಯಿಂದಲೇ.

ಲಿಫ್ಟಿಗೆ ಪರವಾನಗಿ ಕೋರಿ ಅರ್ಜಿ ಸಲ್ಲಿಸುವ ಕಟ್ಟಡ ಮಾಲೀಕರು, ಪರವಾನಗಿ ನವೀಕರಿಸುವ ನಿವಾಸಿಗಳ ಸಂಘಗಳು ಹಾಗೂ ಲಿಫ್ಟ್ ಬಳಸುವ ಸಾರ್ವಜನಿಕರ ಅನುಕೂಲಕ್ಕಾಗಿ ಸ್ವತಂತ್ರ ಪರೀಕ್ಷೆ, ಸಲಹೆ ಮತ್ತು ತರಬೇತಿಯ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಕಾನೂನಿನ ಚೌಕಟ್ಟು

ಭಾರತದಲ್ಲಿ ಲಿಫ್ಟುಗಳ ನಿಯಂತ್ರಣವು ಆಯಾ ರಾಜ್ಯಗಳ ಅಧಿನಿಯಮಗಳ ಮೂಲಕ ನಡೆಯುತ್ತದೆ. ಈ ಬಗೆಯ ಕಾನೂನುಗಳಲ್ಲಿ ಹಳೆಯದಾದ ಬಾಂಬೆ ಲಿಫ್ಟುಗಳ ಅಧಿನಿಯಮವು 1939ರಲ್ಲಿ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಮೊದಲು 1974ರ ಕರ್ನಾಟಕ ಲಿಫ್ಟುಗಳ ಅಧಿನಿಯಮವು ಅನ್ವಯವಾಗುತ್ತಿದ್ದು, ಅದರ ಸ್ಥಾನದಲ್ಲಿ ಕರ್ನಾಟಕ ಲಿಫ್ಟುಗಳ, ಎಸ್ಕಲೇಟರುಗಳ ಮತ್ತು ಪ್ರಯಾಣಿಕರ ಕನ್ವೇಯರುಗಳ ಅಧಿನಿಯಮ, 2012 ಬಂದಿರುತ್ತದೆ. ಸದರಿ ಅಧಿನಿಯಮದ ಮೇರೆಗೆ 2015ರಲ್ಲಿ ನಿಯಮಗಳನ್ನು ರಚಿಸಲಾಗಿದೆ. ಇವುಗಳ ಅನುಷ್ಠಾನವು ಇಂಧನ ಇಲಾಖೆಯ ಅಧೀನದಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿರುತ್ತದೆ.

ಅರ್ಜಿದಾರರು ಮುಖ್ಯವಾಗಿ ಎರಡು ಹಂತಗಳನ್ನು ಗಮನಿಸತಕ್ಕದ್ದು.

(ಅ) ಅಳವಡಿಕೆಗೆ ಅನುಮತಿ: ಲಿಫ್ಟ್ ನಿರ್ಮಾಣವನ್ನು ಆರಂಭಿಸುವ ಮುನ್ನ ನಕ್ಷೆಗಳು ಮತ್ತು ತಾಂತ್ರಿಕ ವಿವರಗಳೊಂದಿಗೆ ಅನುಮತಿ ಪಡೆಯಬೇಕು.

(ಆ) ಬಳಕೆಗೆ ಪರವಾನಗಿ: ಅಳವಡಿಕೆ ಪೂರ್ಣಗೊಂಡ ನಂತರ ಪರಿವೀಕ್ಷಣೆಗೆ ಒಳಪಟ್ಟು ಪರವಾನಗಿ ಪಡೆದ ಮೇಲೆಯೇ ಲಿಫ್ಟನ್ನು ಜನರ ಬಳಕೆಗೆ ಬಿಡಬೇಕು. ಪರವಾನಗಿಯಲ್ಲಿ ನಮೂದಿಸಿದ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಕ್ರಮ ಕೈಗೊಳ್ಳಬೇಕು.

ಅನುಮತಿ ಪಡೆದ ಮಾತ್ರಕ್ಕೆ ಲಿಫ್ಟನ್ನು ಓಡಿಸಲು ಹಕ್ಕು ದೊರೆಯುವುದಿಲ್ಲ. ಕಟ್ಟಡ ಕಾಮಗಾರಿ ಮುಗಿಯುವ ಹಂತದಲ್ಲಿ ಸಾಮಗ್ರಿ ಸಾಗಿಸಲು ಪರವಾನಗಿ ಇಲ್ಲದ ಲಿಫ್ಟನ್ನು ಬಳಸುವುದು ಅನೇಕ ಕಡೆಗಳಲ್ಲಿ ಕಂಡುಬರುವ ಅಪಾಯಕಾರಿ ರೂಢಿಯಾಗಿದ್ದು, ಇದನ್ನು ಸಂಪೂರ್ಣವಾಗಿ ತಪ್ಪಿಸತಕ್ಕದ್ದು.

3. ಮೂರು ಬಗೆಯ ಪರಿಶೀಲನೆಗಳು

ಲಿಫ್ಟಿಗೆ ಸಂಬಂಧಿಸಿದಂತೆ ಮೂರು ಬಗೆಯ ಪರಿಶೀಲನೆಗಳು ನಡೆಯುತ್ತವೆ. ಇವು ಒಂದಕ್ಕೊಂದು ಪೂರಕವೇ ಹೊರತು ಒಂದು ಮತ್ತೊಂದರ ಬದಲಿಯಾಗುವುದಿಲ್ಲ.

(ಅ) ಪರಿವೀಕ್ಷಕರ ಪರಿವೀಕ್ಷಣೆ: ಇದು ಶಾಸನಬದ್ಧವಾದುದು. ಲಿಫ್ಟ್ ಕಾನೂನಿನ ಅಗತ್ಯಗಳನ್ನು ಪೂರೈಸುತ್ತದೆಯೇ ಎಂಬುದನ್ನು ಸರ್ಕಾರದ ಪರವಾಗಿ ಪರಿಶೀಲಿಸಲಾಗುತ್ತದೆ. ಪರವಾನಗಿ ನೀಡುವ ಅಧಿಕಾರ ಖಾಸಗಿ ವ್ಯಕ್ತಿಗಳಿಗಾಗಲಿ ಸಲಹಾ ಸಂಸ್ಥೆಗಳಿಗಾಗಲಿ ಇರುವುದಿಲ್ಲ.

(ಆ) ನಿರ್ವಹಣಾ ಸಂಸ್ಥೆಯ ಸರ್ವೀಸ್: ಎಎಂಸಿ ಎಂದು ಕರೆಯಲಾಗುವ ವಾರ್ಷಿಕ ನಿರ್ವಹಣಾ ಒಪ್ಪಂದದ ಮೇರೆಗೆ ಮೆಕ್ಯಾನಿಕ್‌ಗಳು ನಿಗದಿತ ಅವಧಿಗೊಮ್ಮೆ ಬಂದು ಶುಚಿಗೊಳಿಸುವುದು, ಎಣ್ಣೆ ಹಾಕುವುದು, ಸರಿಹೊಂದಿಸುವುದು ಹಾಗೂ ದುರಸ್ತಿ ಮಾಡುವುದು ಇದರಲ್ಲಿ ಸೇರಿರುತ್ತದೆ.

(ಇ) ಸ್ವತಂತ್ರ ಸುರಕ್ಷತಾ ಪರೀಕ್ಷೆ: ಲಿಫ್ಟಿನ ತಯಾರಿಕೆ, ಮಾರಾಟ, ಅಳವಡಿಕೆ ಅಥವಾ ನಿರ್ವಹಣೆಯಲ್ಲಿ ಯಾವುದೇ ಪಾಲಿಲ್ಲದ ತಜ್ಞರು ಮಾಲೀಕರ ಕೋರಿಕೆಯ ಮೇರೆಗೆ ಲಿಫ್ಟನ್ನು ಪರೀಕ್ಷಿಸಿ ಲಿಖಿತ ವರದಿ ನೀಡುವುದು.

ಸರ್ವೀಸ್ ಮಾಡುವ ಸಂಸ್ಥೆಯೇ ತನ್ನ ಕೆಲಸಕ್ಕೆ ತಾನೇ ಸಾಕ್ಷಿಯಾಗುವ ಸ್ಥಿತಿ ಅನೇಕ ಕಟ್ಟಡಗಳಲ್ಲಿದೆ. ಇದು ಆ ಸಂಸ್ಥೆಯ ಪ್ರಾಮಾಣಿಕತೆಯ ಪ್ರಶ್ನೆಯಲ್ಲ. ಬಿಡಿಭಾಗಗಳ ವೆಚ್ಚವೂ ಒಪ್ಪಂದದಲ್ಲೇ ಸೇರಿದ್ದಲ್ಲಿ, ದೋಷ ವರದಿಯಾದಷ್ಟೂ ಸಂಸ್ಥೆಗೆ ಖರ್ಚು ಹೆಚ್ಚುತ್ತದೆ. ಬಿಡಿಭಾಗಗಳಿಗೆ ಪ್ರತ್ಯೇಕ ಶುಲ್ಕವಿದ್ದಲ್ಲಿ, ಇನ್ನೂ ಬಾಳಿಕೆ ಇರುವ ಭಾಗವನ್ನು ಬದಲಿಸುವಂತೆ ಸೂಚಿಸುವ ಸಾಧ್ಯತೆ ಇರುತ್ತದೆ. ಎರಡೂ ಸಂದರ್ಭಗಳಲ್ಲಿ ಮಾಲೀಕರಿಗೆ ನಿಷ್ಪಕ್ಷಪಾತವಾದ ಎರಡನೆಯ ಅಭಿಪ್ರಾಯ ಅಗತ್ಯವಾಗುತ್ತದೆ.

4. "ಸ್ವತಂತ್ರ" ಎಂಬುದರ ಅರ್ಥ

ತಪಾಸಣಾ ಸಂಸ್ಥೆಗಳ ಸ್ವಾತಂತ್ರ್ಯವನ್ನು ಐಎಸ್‌ಒ/ಐಇಸಿ 17020 ಎಂಬ ಅಂತರರಾಷ್ಟ್ರೀಯ ಮಾನಕವು ಎ, ಬಿ ಮತ್ತು ಸಿ ಎಂಬ ಮೂರು ವಿಧಗಳಾಗಿ ವಿಂಗಡಿಸುತ್ತದೆ. ಎ ವಿಧದ ಸಂಸ್ಥೆಯು ತಾನು ಪರೀಕ್ಷಿಸುವ ವಸ್ತುವಿನ ವಿನ್ಯಾಸ, ತಯಾರಿಕೆ, ಸರಬರಾಜು, ಅಳವಡಿಕೆ, ಖರೀದಿ, ಮಾಲೀಕತ್ವ, ಬಳಕೆ ಅಥವಾ ನಿರ್ವಹಣೆಯಲ್ಲಿ ತೊಡಗಿರಕೂಡದು. ಭಾರತದಲ್ಲಿ ಈ ಮಾನಕದ ಮೇರೆಗೆ ತಪಾಸಣಾ ಸಂಸ್ಥೆಗಳಿಗೆ ಮಾನ್ಯತೆ ನೀಡುವ ಕಾರ್ಯವನ್ನು ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ಎನ್‌ಎಬಿಸಿಬಿ ನಿರ್ವಹಿಸುತ್ತದೆ. ಮಾನ್ಯತೆ ಹೊಂದಿರುವುದಾಗಿ ಹೇಳುವ ಸಂಸ್ಥೆಯ ಪ್ರಮಾಣಪತ್ರದಲ್ಲಿ ಲಿಫ್ಟ್ ತಪಾಸಣೆಯೂ ಅದರ ವ್ಯಾಪ್ತಿಗೆ ಸೇರಿದೆಯೇ ಎಂಬುದನ್ನು ಮಾಲೀಕರು ಖಾತರಿಪಡಿಸಿಕೊಳ್ಳಬೇಕು. ಕ್ರೇನ್ ಅಥವಾ ಬಾಯ್ಲರ್ ತಪಾಸಣೆಗೆ ದೊರೆತ ಮಾನ್ಯತೆಯು ಲಿಫ್ಟಿಗೆ ಅನ್ವಯವಾಗುವುದಿಲ್ಲ.

ಇತರ ದೇಶಗಳಲ್ಲಿಯೂ ಇದೇ ತತ್ತ್ವ ರೂಢಿಯಲ್ಲಿದೆ. ಬ್ರಿಟನ್ನಿನಲ್ಲಿ 1998ರ ಎತ್ತುವ ಸಾಧನಗಳ ನಿಯಮಗಳ ಪ್ರಕಾರ, ಕೆಲಸದ ಸ್ಥಳಗಳಲ್ಲಿ ಜನರನ್ನು ಸಾಗಿಸುವ ಲಿಫ್ಟುಗಳನ್ನು ಕನಿಷ್ಠ 6 ತಿಂಗಳಿಗೊಮ್ಮೆ ಅಥವಾ ಲಿಖಿತ ಪರೀಕ್ಷಾ ಯೋಜನೆಯ ಮೇರೆಗೆ ಸಮರ್ಥ ವ್ಯಕ್ತಿಯಿಂದ ಕೂಲಂಕಷವಾಗಿ ಪರಿಶೀಲಿಸಬೇಕಾಗುತ್ತದೆ. ಆ ವ್ಯಕ್ತಿಯು ನಿಷ್ಪಕ್ಷಪಾತವಾಗಿ ತೀರ್ಮಾನಿಸುವಷ್ಟು ಸ್ವತಂತ್ರನಾಗಿರಬೇಕು. ದಿನನಿತ್ಯದ ನಿರ್ವಹಣೆಯನ್ನು ಈ ಪರಿಶೀಲನೆಯೆಂದು ಪರಿಗಣಿಸಲಾಗುವುದಿಲ್ಲ. ಅಮೆರಿಕದ ಎಎಸ್‌ಎಂಇ ಎ17.1 ಸಂಹಿತೆಯು ವರ್ಷಕ್ಕೊಮ್ಮೆ ನಡೆಸುವ ಪರೀಕ್ಷೆಗಳನ್ನೂ 5 ವರ್ಷಗಳಿಗೊಮ್ಮೆ ನಡೆಸುವ ಹೆಚ್ಚು ಕಠಿಣವಾದ ಪರೀಕ್ಷೆಗಳನ್ನೂ ಪ್ರತ್ಯೇಕವಾಗಿ ಗುರುತಿಸುತ್ತದೆ. ಅಲ್ಲಿ ಲಿಫ್ಟ್ ತಪಾಸಕರ ಅರ್ಹತೆಗೆಂದೇ ಬೇರೊಂದು ಮಾನಕವಿದೆ.

5. ಸ್ವತಂತ್ರ ಪರೀಕ್ಷೆ ಯಾವಾಗ ಅಪೇಕ್ಷಣೀಯ

(ಅ) ನಿರ್ಮಾಣಗಾರರಿಂದ ನಿವಾಸಿಗಳ ಸಂಘವು ಕಟ್ಟಡವನ್ನು ವಹಿಸಿಕೊಳ್ಳುವಾಗ: ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಮೇರೆಗೆ ಲಿಫ್ಟ್ ಸಾಮಾನ್ಯ ಸೌಲಭ್ಯಗಳಲ್ಲಿ ಒಂದಾಗಿರುತ್ತದೆ. ವಹಿಸಿಕೊಂಡ ಮೇಲೆ ಅದರ ಹೊಣೆಯೂ ಸಂಘದ ಮೇಲೆ ಬರುತ್ತದೆ. ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ 14(3)ನೇ ಪ್ರಕರಣದಂತೆ, ಸ್ವಾಧೀನ ನೀಡಿದ ದಿನಾಂಕದಿಂದ 5 ವರ್ಷಗಳೊಳಗೆ ಕಾಮಗಾರಿ, ಗುಣಮಟ್ಟ ಅಥವಾ ಸೇವೆಗಳ ದೋಷವನ್ನು ಗಮನಕ್ಕೆ ತಂದಲ್ಲಿ ನಿರ್ಮಾಣಗಾರರು ಹೆಚ್ಚುವರಿ ಶುಲ್ಕವಿಲ್ಲದೆ 30 ದಿನಗಳಲ್ಲಿ ಸರಿಪಡಿಸಬೇಕಾಗುತ್ತದೆ. ಇಂತಹ ಕೋರಿಕೆಗೆ ಸ್ವತಂತ್ರ ವರದಿಯು ಬಲವಾದ ಆಧಾರವಾಗುತ್ತದೆ.

(ಆ) ನಿರ್ವಹಣಾ ಸಂಸ್ಥೆಯನ್ನು ಬದಲಾಯಿಸುವಾಗ: ಹಳೆಯ ದೋಷ ಯಾರ ಕಾಲದ್ದು ಎಂಬ ವಿವಾದವನ್ನು ಇದರಿಂದ ತಪ್ಪಿಸಬಹುದು.

(ಇ) ಲಿಫ್ಟ್ ಹಳೆಯದಾಗಿದ್ದು, ನವೀಕರಿಸಬೇಕೇ ಅಥವಾ ಹೊಸದನ್ನು ಅಳವಡಿಸಬೇಕೇ ಎಂದು ನಿರ್ಧರಿಸುವಾಗ.

(ಈ) ಮೋಟಾರ್, ಕಂಟ್ರೋಲರ್, ಬಾಗಿಲು ಅಥವಾ ಉಕ್ಕಿನ ರೋಪ್‌ಗಳನ್ನು ಬದಲಿಸಿದ ನಂತರ. ಕ್ಯಾಬಿನ್ ಒಳಗೆ ಗ್ರಾನೈಟ್ ನೆಲಹಾಸು, ಕನ್ನಡಿ ಮುಂತಾದ ಅಲಂಕಾರ ಮಾಡಿಸಿದಲ್ಲಿ ಕ್ಯಾಬಿನ್ನಿನ ತೂಕ ಹೆಚ್ಚಿ ಸಮತೋಲನ ತಪ್ಪುವುದರಿಂದ ಆಗಲೂ ಪರೀಕ್ಷೆ ಅಗತ್ಯ.

(ಉ) ಬಾವಿಯ ತಳಕ್ಕೆ ಮಳೆನೀರು ನುಗ್ಗಿದಾಗ ಅಥವಾ ಕಟ್ಟಡದಲ್ಲಿ ಬೆಂಕಿ ಅವಘಡ ಸಂಭವಿಸಿದಾಗ.

(ಊ) ಕ್ಯಾಬಿನ್ ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲದಿರುವುದು, ಜರ್ಕ್ ಹೊಡೆಯುವುದು, ಬಾಗಿಲು ತೆರೆದಿರುವಾಗಲೇ ಅಲುಗುವುದು ಮುಂತಾದ ಲಕ್ಷಣಗಳು ಪದೇ ಪದೇ ಕಂಡುಬಂದಾಗ.

6. ಪರೀಕ್ಷೆಯಲ್ಲಿ ನೋಡುವ ಅಂಶಗಳು

ಕ್ಯಾಬಿನ್ ಒಳಗೆ ನಿಂತು ಗುಂಡಿ ಒತ್ತಿ ಮೇಲೆ ಕೆಳಗೆ ಓಡಿಸಿ ನೋಡುವುದು ಪರೀಕ್ಷೆಯಲ್ಲ. ಮಷಿನ್ ರೂಮ್, ಕ್ಯಾಬಿನ್ನಿನ ಮೇಲ್ಭಾಗ, ಪ್ರತಿ ಮಹಡಿಯ ಬಾಗಿಲು ಹಾಗೂ ಬಾವಿಯ ತಳ, ಈ ನಾಲ್ಕೂ ಕಡೆ ಪರಿಶೀಲಿಸಿದ ಮೇಲೆಯೇ ವರದಿ ಪೂರ್ಣವಾಗುತ್ತದೆ.

6.1 ಬಾಗಿಲಿನ ಲಾಕ್‌ಗಳು: ಕ್ಯಾಬಿನ್ ಬಂದಿಲ್ಲದಿರುವಾಗ ಮಹಡಿಯ ಬಾಗಿಲು ತೆರೆದುಕೊಂಡು, ಒಳಗೆ ಕಾಲಿಟ್ಟವರು ಬಾವಿಗೆ ಬೀಳುವುದು ಲಿಫ್ಟ್ ಅಪಘಾತಗಳಲ್ಲಿ ಅತ್ಯಂತ ದಾರುಣವಾದುದು. ಇದನ್ನು ತಡೆಯುವುದು ಪ್ರತಿ ಮಹಡಿಯ ಬಾಗಿಲಿನಲ್ಲಿರುವ ಲಾಕ್ ಮತ್ತು ಅದರ ವಿದ್ಯುತ್ ಸಂಪರ್ಕ. ಲಾಕಿನ ಕೊಕ್ಕೆಯು ಕನಿಷ್ಠ 7 ಮಿಲಿಮೀಟರ್ ಒಳಗೆ ಕೂತ ನಂತರವೇ ಕ್ಯಾಬಿನ್ ಹೊರಡಲು ವಿದ್ಯುತ್ ಸಂಪರ್ಕ ದೊರೆಯಬೇಕೆಂಬುದು ಮಾನಕದ ನಿಯಮ. ಎಲ್ಲ ಮಹಡಿಗಳಲ್ಲಿಯೂ ಇದನ್ನು ಅಳೆದು ನೋಡಬೇಕು. ಒಂದೆರಡು ಮಹಡಿಗಳ ಮಾದರಿ ಪರೀಕ್ಷೆ ಸಾಲದು. ದೋಷವಿರುವ ಲಾಕಿನ ಸಂಪರ್ಕವನ್ನು ತಂತಿಯ ತುಂಡಿನಿಂದ ನೇರವಾಗಿ ಜೋಡಿಸಿ ಲಿಫ್ಟ್ ಓಡಿಸುವ ಕ್ರಮವು ಪ್ರಾಣಾಪಾಯಕಾರಿಯಾಗಿದ್ದು, ಕಂಟ್ರೋಲರ್‌ನಲ್ಲಿ ಅಂತಹ ಜೋಡಣೆ ಇದೆಯೇ ಎಂಬುದನ್ನು ತಪಾಸಕರು ಕಡ್ಡಾಯವಾಗಿ ನೋಡತಕ್ಕದ್ದು.

6.2 ಓವರ್‌ಸ್ಪೀಡ್ ಗವರ್ನರ್ ಮತ್ತು ಸೇಫ್ಟಿ ಗೇರ್: ಕ್ಯಾಬಿನ್ ಕೆಳಗೆ ಇಳಿಯುವ ವೇಗವು ಮಿತಿ ಮೀರಿದಾಗ ಗವರ್ನರ್ ಚಾಲಿತಗೊಂಡು ತನ್ನ ಹಗ್ಗವನ್ನು ಹಿಡಿಯುತ್ತದೆ. ಆ ಹಗ್ಗದ ಎಳೆತದಿಂದ ಕ್ಯಾಬಿನ್ನಿನ ಸೇಫ್ಟಿ ಗೇರ್ ಹಳಿಗಳನ್ನು ಕಚ್ಚಿ ಹಿಡಿಯುತ್ತದೆ. ಗವರ್ನರ್ ಕನಿಷ್ಠ ನಿಗದಿತ ವೇಗದ ಶೇಕಡಾ 115ರಷ್ಟಾದ ನಂತರ ಹಿಡಿಯುವಂತೆ ಹೊಂದಿಸಿರಬೇಕು. ಸೆಕೆಂಡಿಗೆ 1 ಮೀಟರ್ ವೇಗದ ಲಿಫ್ಟಿನಲ್ಲಿ ಇದು 1.15 ಮೀಟರ್ ಆಗುತ್ತದೆ. ಗವರ್ನರ್‌ನ ಸೀಲ್ ಒಡೆದಿದ್ದಲ್ಲಿ, ಅಥವಾ ಬಣ್ಣ ಮತ್ತು ಧೂಳು ಮೆತ್ತಿಕೊಂಡು ಚಲನೆ ಬಿಗಿಯಾಗಿದ್ದಲ್ಲಿ ಅದನ್ನು ವರದಿಯಲ್ಲಿ ದಾಖಲಿಸಬೇಕು.

6.3 ಬ್ರೇಕ್: ನಿಗದಿತ ಭಾರದ ಶೇಕಡಾ 125ರಷ್ಟು ಭಾರ ಹೊತ್ತು ನಿಗದಿತ ವೇಗದಲ್ಲಿ ಇಳಿಯುತ್ತಿರುವ ಕ್ಯಾಬಿನ್ನನ್ನು ಬ್ರೇಕ್ ಒಂದೇ ನಿಲ್ಲಿಸಲು ಶಕ್ತವಾಗಿರಬೇಕು. ಭಾರತೀಯ ಮಾನಕದಲ್ಲಿ ಪ್ರತಿ ಪ್ರಯಾಣಿಕರಿಗೆ 68 ಕಿಲೋಗ್ರಾಂ ಎಂದು ಎಣಿಸುವ ಪದ್ಧತಿ ಇದ್ದು, 8 ಮಂದಿಯ ಲಿಫ್ಟಿನ ನಿಗದಿತ ಭಾರವು 544 ಕಿಲೋಗ್ರಾಂ ಆಗುತ್ತದೆ. ಇದರ ಶೇಕಡಾ 125 ಎಂದರೆ 680 ಕಿಲೋಗ್ರಾಂ. ಅಂದರೆ ತಲಾ 20 ಕಿಲೋಗ್ರಾಂ ತೂಕದ 34 ಕಬ್ಬಿಣದ ಗಟ್ಟಿಗಳು. ಈ ತೂಕಗಳನ್ನು ತಂದು ಏರಿಸಿ ಇಳಿಸುವ ಶ್ರಮ ಮತ್ತು ವೆಚ್ಚದ ಕಾರಣದಿಂದಲೇ ಈ ಪರೀಕ್ಷೆಯನ್ನು ಕೈಬಿಡುವ ಪ್ರವೃತ್ತಿ ಇದೆ. ಜನರನ್ನೇ ತೂಕವಾಗಿ ನಿಲ್ಲಿಸಿ ಪರೀಕ್ಷೆ ನಡೆಸುವುದನ್ನು ಯಾವ ಕಾರಣಕ್ಕೂ ಅನುಮತಿಸತಕ್ಕದ್ದಲ್ಲ.

ತೂಕಗಳಿಗೆ ಬದಲಾಗಿ ಸಂವೇದಕಗಳ ಮೂಲಕ ಬಲ ಮತ್ತು ವೇಗವನ್ನು ಅಳೆದು ಲೆಕ್ಕ ಹಾಕುವ ವಿಧಾನಗಳೂ ಇವೆ. ಇವುಗಳ ಫಲಿತಾಂಶವನ್ನು ಅದೇ ಲಿಫ್ಟಿನಲ್ಲಿ ಪೂರ್ಣ ಭಾರದೊಂದಿಗೆ ಹಿಂದೆ ನಡೆಸಿದ ಪರೀಕ್ಷೆಯ ದಾಖಲೆಗೆ ಹೋಲಿಸಿದಾಗ ಮಾತ್ರ ಖಚಿತ ಅಭಿಪ್ರಾಯಕ್ಕೆ ಬರಬಹುದು. ಆದುದರಿಂದ ಹೊಸ ಲಿಫ್ಟಿನ ಮೊದಲ ಪರೀಕ್ಷಾ ದಾಖಲೆಯನ್ನು ಲಿಫ್ಟ್ ಇರುವವರೆಗೂ ಕಾಪಾಡಿಕೊಳ್ಳತಕ್ಕದ್ದು.

6.4 ರೋಪ್‌ಗಳು ಮತ್ತು ಸಮತೋಲನ: ಉಕ್ಕಿನ ರೋಪ್‌ಗಳಲ್ಲಿ ಎಳೆ ಕಡಿದಿರುವುದು, ತುಕ್ಕು, ವ್ಯಾಸ ಕಡಿಮೆಯಾಗಿರುವುದು ಹಾಗೂ ರೋಪ್‌ಗಳ ನಡುವೆ ಬಿಗಿತದ ವ್ಯತ್ಯಾಸವನ್ನು ನೋಡಲಾಗುತ್ತದೆ. ಸಾಮಾನ್ಯವಾಗಿ ಕೌಂಟರ್‌ವೇಟ್‌ನ ತೂಕವು ಖಾಲಿ ಕ್ಯಾಬಿನ್ನಿನ ತೂಕದ ಜೊತೆಗೆ ನಿಗದಿತ ಭಾರದ ಶೇಕಡಾ 40ರಿಂದ 50ರಷ್ಟು ಇರುತ್ತದೆ. ಈ ಸಮತೋಲನ ತಪ್ಪಿದಲ್ಲಿ ಬ್ರೇಕಿನ ಮೇಲೂ ಮೋಟಾರಿನ ಮೇಲೂ ಹೊರೆ ಬೀಳುತ್ತದೆ. ಕ್ಯಾಬಿನ್ ಖಾಲಿಯಿರುವಾಗ ಕೌಂಟರ್‌ವೇಟ್ ಹೆಚ್ಚು ಭಾರವಾಗಿರುವುದರಿಂದ, ಬ್ರೇಕ್ ವಿಫಲವಾದಲ್ಲಿ ಕ್ಯಾಬಿನ್ ಮೇಲಕ್ಕೆ ಧಾವಿಸುತ್ತದೆ. ಲಿಫ್ಟ್ ಕೆಳಗೆ ಬೀಳುವುದೊಂದೇ ಅಪಾಯ ಎಂಬ ತಿಳುವಳಿಕೆ ಸರಿಯಲ್ಲ.

6.5 ಬಾಗಿಲು ತೆರೆದಿರುವಾಗ ಚಲಿಸದಂತೆ ತಡೆ: ಪ್ರಯಾಣಿಕರು ಹತ್ತಿಳಿಯುತ್ತಿರುವಾಗ ಕ್ಯಾಬಿನ್ ತಾನಾಗಿ ಚಲಿಸಿದಲ್ಲಿ ಅದನ್ನು ತಡೆದು ನಿಲ್ಲಿಸುವ ಪ್ರತ್ಯೇಕ ರಕ್ಷಣೆಯನ್ನು ಇತ್ತೀಚಿನ ಮಾನಕಗಳು ವಿಧಿಸಿವೆ. ಕ್ಯಾಬಿನ್ ಮಹಡಿಯ ಮಟ್ಟದಿಂದ 1.20 ಮೀಟರ್ ಒಳಗೆ ನಿಲ್ಲಬೇಕು. ಹಳೆಯ ಲಿಫ್ಟುಗಳಲ್ಲಿ ಈ ವ್ಯವಸ್ಥೆ ಇಲ್ಲದಿದ್ದಲ್ಲಿ ಅಳವಡಿಕೆಯ ಸಾಧ್ಯತೆಯ ಬಗ್ಗೆ ಸಲಹೆಗಾರರಿಂದ ಅಭಿಪ್ರಾಯ ಪಡೆಯುವುದು ಸೂಕ್ತ.

6.6 ತುರ್ತು ವ್ಯವಸ್ಥೆಗಳು: ಅಲಾರಂ ಗಂಟೆ, ಮಾತನಾಡುವ ಸಾಧನ, ತುರ್ತು ದೀಪ, ಅತಿಭಾರದ ಸೂಚನೆ, ವಿದ್ಯುತ್ ಕಡಿತವಾದಾಗ ಕ್ಯಾಬಿನ್ನನ್ನು ಸಮೀಪದ ಮಹಡಿಗೆ ತರುವ ಎಆರ್‌ಡಿ ಸಾಧನ, ಇವುಗಳನ್ನು ಮುಖ್ಯ ಸ್ವಿಚ್ ಆಫ್ ಮಾಡಿಯೇ ಪರೀಕ್ಷಿಸಬೇಕು. ಅಲಾರಂ ಒತ್ತಿದಾಗ ಉತ್ತರಿಸುವವರು ಯಾರು, ರಾತ್ರಿ ವೇಳೆಯಲ್ಲಿ ಉತ್ತರ ದೊರೆಯುತ್ತದೆಯೇ ಎಂಬುದೂ ಪರೀಕ್ಷೆಯ ಭಾಗವಾಗಿರತಕ್ಕದ್ದು. ಅಗ್ನಿಶಾಮಕ ಲಿಫ್ಟ್ ಇರುವ ಕಟ್ಟಡಗಳಲ್ಲಿ ಅದರ ವಿಶೇಷ ಸ್ವಿಚ್ಚನ್ನೂ ಪರೀಕ್ಷಿಸಬೇಕು.

7. ಅನ್ವಯವಾಗುವ ಮಾನಕಗಳು

ಭಾರತೀಯ ಮಾನಕ ಬ್ಯೂರೋದ ಐಎಸ್ 14665 ಸರಣಿಯ ಮೇರೆಗೆ ದೇಶದ ಬಹುಪಾಲು ಹಳೆಯ ವಿದ್ಯುತ್ ಚಾಲಿತ ಲಿಫ್ಟುಗಳನ್ನು ಅಳವಡಿಸಲಾಗಿದೆ. 2022ರಲ್ಲಿ ಬ್ಯೂರೋವು ಅಂತರರಾಷ್ಟ್ರೀಯ ಐಎಸ್‌ಒ 8100 ಸರಣಿಯನ್ನು ಅನುಸರಿಸಿ ಐಎಸ್ 17900ರ ಭಾಗ 1 ಮತ್ತು ಭಾಗ 2ನ್ನು ಪ್ರಕಟಿಸಿತು. ಭಾಗ 1 ಸುರಕ್ಷತಾ ನಿಯಮಗಳಿಗೂ ಭಾಗ 2 ಬಿಡಿಭಾಗಗಳ ವಿನ್ಯಾಸ, ಲೆಕ್ಕಾಚಾರ ಮತ್ತು ಪರೀಕ್ಷೆಗೂ ಸಂಬಂಧಿಸಿರುತ್ತದೆ. ಇವಲ್ಲದೆ ರಾಷ್ಟ್ರೀಯ ಕಟ್ಟಡ ಸಂಹಿತೆ, 2016ರಲ್ಲಿ ಲಿಫ್ಟುಗಳ ಸಂಖ್ಯೆ, ಸ್ಥಳ ಮತ್ತು ಅಗ್ನಿ ಸುರಕ್ಷತೆಯ ಅಂಶಗಳಿವೆ.

ಹಳೆಯ ಲಿಫ್ಟನ್ನು ಅದು ಅಳವಡಿಕೆಯಾದ ಕಾಲದ ಮಾನಕಕ್ಕೆ ಅನುಗುಣವಾಗಿ ಪರೀಕ್ಷಿಸಿ, ಹೊಸ ಮಾನಕಕ್ಕೆ ಹೋಲಿಸಿದಲ್ಲಿ ಇರುವ ಕೊರತೆಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ತೋರಿಸುವುದು ಉತ್ತಮ ಕ್ರಮ. ಇವೆರಡನ್ನು ಬೆರೆಸಿದ ವರದಿಯಿಂದ ಯಾವುದು ತಕ್ಷಣದ ಅಪಾಯ, ಯಾವುದು ಭವಿಷ್ಯದ ಸುಧಾರಣೆ ಎಂಬುದು ಮಾಲೀಕರಿಗೆ ತಿಳಿಯದೆ ಹೋಗುತ್ತದೆ.

8. ಸಲಹೆಗಾರರನ್ನು ನೇಮಿಸುವಾಗ ಗಮನಿಸಬೇಕಾದ ಅಂಶಗಳು

(ಅ) ಸಲಹೆಗಾರರಿಗೆ ಯಾವುದೇ ಲಿಫ್ಟ್ ತಯಾರಕರು, ನಿರ್ವಹಣಾ ಸಂಸ್ಥೆ ಅಥವಾ ಬಿಡಿಭಾಗ ಮಾರಾಟಗಾರರೊಂದಿಗೆ ಆರ್ಥಿಕ ಸಂಬಂಧವಿಲ್ಲ ಎಂಬ ಲಿಖಿತ ಘೋಷಣೆಯನ್ನು ಪಡೆಯಬೇಕು.

(ಆ) ಶುಲ್ಕವನ್ನು ಮಾಲೀಕರೇ ನೇರವಾಗಿ ಪಾವತಿಸಬೇಕು. ನಿರ್ವಹಣಾ ಸಂಸ್ಥೆಯ ಮೂಲಕ ಪಾವತಿಯಾಗುವ ಪರೀಕ್ಷೆಯನ್ನು ಸ್ವತಂತ್ರವೆಂದು ಹೇಳಲಾಗದು.

(ಇ) ಸ್ಥಳಕ್ಕೆ ಬಂದು ಪರೀಕ್ಷಿಸುವ ವ್ಯಕ್ತಿಯ ವಿದ್ಯಾರ್ಹತೆ ಮತ್ತು ಅನುಭವವನ್ನು ತಿಳಿದುಕೊಳ್ಳಬೇಕು. ಸಂಸ್ಥೆಯ ಹೆಸರಷ್ಟೇ ಸಾಲದು.

(ಈ) ಬಳಸುವ ಅಳತೆ ಸಾಧನಗಳ ಕ್ಯಾಲಿಬ್ರೇಷನ್ ಪ್ರಮಾಣಪತ್ರವನ್ನು ನೋಡಬೇಕು.

(ಉ) ಪರೀಕ್ಷೆಯ ಸಮಯದಲ್ಲಿ ಲಿಫ್ಟನ್ನು ಚಾಲನೆ ಮಾಡುವುದು ಸಾಮಾನ್ಯವಾಗಿ ನಿರ್ವಹಣಾ ಸಂಸ್ಥೆಯ ಮೆಕ್ಯಾನಿಕ್. ಸಲಹೆಗಾರರು ಸೂಚನೆ ನೀಡಿ, ಸಾಕ್ಷಿಯಾಗಿದ್ದು ದಾಖಲಿಸುತ್ತಾರೆ. ಆದ್ದರಿಂದ ಸ್ವತಂತ್ರ ಪರೀಕ್ಷೆಗೆ ಸಹಕರಿಸಬೇಕೆಂಬ ಷರತ್ತನ್ನು ಎಎಂಸಿ ಒಪ್ಪಂದದಲ್ಲಿಯೇ ಸೇರಿಸಿಕೊಳ್ಳುವುದು ಸೂಕ್ತ.

ವರದಿಯಲ್ಲಿ ಲಿಫ್ಟಿನ ಗುರುತಿನ ವಿವರ, ಪರೀಕ್ಷಿಸಿದ ದಿನಾಂಕ, ಅನ್ವಯಿಸಿದ ಮಾನಕ, ಪ್ರತಿ ಅಂಶದ ಅಳತೆ, ಛಾಯಾಚಿತ್ರಗಳು ಮತ್ತು ಪರೀಕ್ಷಿಸಿದವರ ಸಹಿ ಇರತಕ್ಕದ್ದು. ಪರೀಕ್ಷಿಸಲಾಗದೆ ಬಿಟ್ಟ ಅಂಶಗಳನ್ನೂ ಸ್ಪಷ್ಟವಾಗಿ ನಮೂದಿಸಿರಬೇಕು. "ಎಲ್ಲವೂ ತೃಪ್ತಿಕರ" ಎಂಬ ಒಂದೇ ಸಾಲಿನ ವರದಿಯನ್ನು ಸ್ವೀಕರಿಸತಕ್ಕದ್ದಲ್ಲ. ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವಂತೆ ಕೇಳಬಹುದು: ಲಿಫ್ಟನ್ನು ತಕ್ಷಣ ನಿಲ್ಲಿಸಬೇಕಾದವು, ನಿಗದಿತ ದಿನಗಳೊಳಗೆ ಸರಿಪಡಿಸಬೇಕಾದವು ಮತ್ತು ಮುಂದೆ ಸುಧಾರಿಸಬಹುದಾದವು.

9. ತರಬೇತಿ ಸೇವೆಗಳು

9.1 ಮೆಕ್ಯಾನಿಕ್‌ಗಳಿಗೆ: ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿ ಪಟ್ಟಿಯಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಎಂಬ 2 ವರ್ಷಗಳ ವೃತ್ತಿಯು ಸೇರಿರುತ್ತದೆ. ಇದಲ್ಲದೆ ಬಾವಿಯೊಳಗೆ ಮತ್ತು ಕ್ಯಾಬಿನ್ನಿನ ಮೇಲೆ ಸುರಕ್ಷಿತವಾಗಿ ಕೆಲಸ ಮಾಡುವುದು, ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಬೀಗ ಹಾಕುವ ಕ್ರಮ, ಪರೀಕ್ಷಾ ವಿಧಾನ ಮತ್ತು ದಾಖಲೆ ನಿರ್ವಹಣೆಯ ಬಗ್ಗೆ ಅಲ್ಪಾವಧಿ ತರಬೇತಿಯನ್ನು ಪರಿಣತ ಸಲಹೆಗಾರರಿಂದ ಕೊಡಿಸಬಹುದು.

9.2 ಕಟ್ಟಡದ ಸಿಬ್ಬಂದಿಗೆ: ಲಿಫ್ಟ್ ಕೆಟ್ಟು ನಿಂತಾಗ ಮೊದಲು ಓಡಿಬರುವವರು ಕಾವಲುಗಾರರು. ಅವರಿಗೆ ತರಬೇತಿ ಇಲ್ಲದಿರುವುದರಿಂದ ಸಣ್ಣ ತೊಂದರೆಯೂ ದುರಂತವಾಗಬಹುದು. ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನ್ನಿನಿಂದ ಪ್ರಯಾಣಿಕರನ್ನು ಎಳೆದು ಹೊರತೆಗೆಯುವಾಗ, ಕ್ಯಾಬಿನ್ನಿನ ತಳಭಾಗ ಮತ್ತು ಮಹಡಿಯ ನಡುವಿನ ತೆರಪಿನಿಂದ ಬಾವಿಗೆ ಜಾರಿ ಬೀಳುವ ಸಂಭವವಿರುತ್ತದೆ. ಸಿಬ್ಬಂದಿಗೆ ಈ ಕೆಳಗಿನ ಕ್ರಮವನ್ನು ಕಲಿಸತಕ್ಕದ್ದು:

- ಒಳಗಿರುವವರೊಂದಿಗೆ ಮಾತನಾಡಿ ಧೈರ್ಯ ಹೇಳುವುದು. ಎಷ್ಟು ಮಂದಿ ಇದ್ದಾರೆ, ಯಾರಿಗಾದರೂ ಅಸ್ವಸ್ಥತೆ ಇದೆಯೇ ಎಂದು ಕೇಳುವುದು.
- ಬಾಗಿಲನ್ನು ತಾವಾಗಿ ಎಳೆಯದಂತೆ ಮತ್ತು ಹೊರಕ್ಕೆ ಜಿಗಿಯದಂತೆ ಸೂಚಿಸುವುದು.
- ನಿರ್ವಹಣಾ ಸಂಸ್ಥೆಗೆ ಕರೆ ಮಾಡಿ ಕರೆಯ ಸಮಯವನ್ನು ಬರೆದಿಡುವುದು. ಯಾರಾದರೂ ಅಸ್ವಸ್ಥರಾಗಿದ್ದಲ್ಲಿ 112 ಸಂಖ್ಯೆಗೆ ಕರೆ ಮಾಡುವುದು.
- ಮುಖ್ಯ ಸ್ವಿಚ್ ಆಫ್ ಮಾಡದೆ ಬ್ರೇಕ್ ಸಡಿಲಿಸದಿರುವುದು ಹಾಗೂ ತರಬೇತಿ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದು.
- ಮಹಡಿ ಬಾಗಿಲಿನ ತುರ್ತು ಕೀಲಿಯನ್ನು ತರಬೇತಿ ಪಡೆದ ಹೊಣೆಗಾರರ ಬಳಿ ಮಾತ್ರ ಇಡುವುದು.

9.3 ನಿವಾಸಿಗಳಿಗೆ: ವರ್ಷಕ್ಕೊಮ್ಮೆ ಸಂಘದ ಸಭೆಯ ದಿನ ಅರ್ಧ ಗಂಟೆಯ ಪ್ರಾತ್ಯಕ್ಷಿಕೆ ಏರ್ಪಡಿಸಿದರೂ ಪ್ರಯೋಜನವಾಗುತ್ತದೆ. ಬಾಗಿಲು ತೆರೆದುಕೊಂಡ ಕೂಡಲೇ ಒಳಗೆ ಕಾಲಿಡದೆ ಕ್ಯಾಬಿನ್ ಬಂದಿದೆಯೇ ಎಂದು ನೋಡುವುದು, ಮಕ್ಕಳನ್ನು ಒಂಟಿಯಾಗಿ ಕಳುಹಿಸದಿರುವುದು, ಜಾಲರಿ ಬಾಗಿಲಿನ ಸಂದಿಯಲ್ಲಿ ಕೈ ಚಾಚದಿರುವುದು, ಬೆಂಕಿ ಬಿದ್ದಾಗ ಮೆಟ್ಟಿಲುಗಳನ್ನೇ ಬಳಸುವುದು ಮುಂತಾದುವನ್ನು ಮನೆಗೆಲಸದವರಿಗೂ ತಿಳಿಸತಕ್ಕದ್ದು.

10. ವರದಿ ಬಂದ ನಂತರ ಮಾಲೀಕರ ಕರ್ತವ್ಯ

ವರದಿಯನ್ನು ಕಡತದಲ್ಲಿ ಇಟ್ಟುಬಿಟ್ಟಲ್ಲಿ ಪರೀಕ್ಷೆಯ ಉದ್ದೇಶವೇ ವ್ಯರ್ಥವಾಗುತ್ತದೆ. ದೋಷವನ್ನು ತಿಳಿದೂ ಲಿಫ್ಟನ್ನು ಓಡಿಸುವುದು ತಿಳಿಯದೆ ಓಡಿಸುವುದಕ್ಕಿಂತ ಗುರುತರವಾದ ಹೊಣೆಯನ್ನು ಮಾಲೀಕರ ಮೇಲೆ ತರುತ್ತದೆ. ತಕ್ಷಣ ನಿಲ್ಲಿಸಬೇಕೆಂದು ಸೂಚಿಸಿದಲ್ಲಿ ಲಿಫ್ಟಿನ ಮುಖ್ಯ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಎಲ್ಲ ಮಹಡಿಗಳಲ್ಲಿಯೂ ಕನ್ನಡದಲ್ಲಿ ಹಾಗೂ ನಿವಾಸಿಗಳಿಗೆ ತಿಳಿಯುವ ಇತರ ಭಾಷೆಗಳಲ್ಲಿ ಸೂಚನಾ ಫಲಕ ಹಾಕಬೇಕು. ದುರಸ್ತಿಯ ನಂತರ ಸಂಬಂಧಿಸಿದ ಅಂಶವನ್ನು ಮರುಪರೀಕ್ಷೆ ಮಾಡಿಸಿ ದಾಖಲಿಸಬೇಕು. ಅಪಘಾತ ಸಂಭವಿಸಿದಲ್ಲಿ ವಿಳಂಬವಿಲ್ಲದೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಿ, ರಕ್ಷಣಾ ಕಾರ್ಯಕ್ಕೆ ಅಗತ್ಯವಾದುದರ ಹೊರತು ಲಿಫ್ಟನ್ನು ಇದ್ದ ಸ್ಥಿತಿಯಲ್ಲಿಯೇ ಉಳಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವತಂತ್ರ ಸಂಸ್ಥೆಯ ವರದಿ ಇದ್ದಲ್ಲಿ ಪರವಾನಗಿ ನವೀಕರಣ ಬೇಕೇ?
ಉತ್ತರ: ಬೇಕು. ಖಾಸಗಿ ವರದಿಯು ಪರವಾನಗಿಗೆ ಬದಲಿಯಲ್ಲ.

ಪ್ರಶ್ನೆ: ಪರವಾನಗಿ ಇರುವಾಗ ಸ್ವತಂತ್ರ ಪರೀಕ್ಷೆ ಏಕೆ?
ಉತ್ತರ: ಪರಿವೀಕ್ಷಣೆಯು ಆ ದಿನದ ಸ್ಥಿತಿಯನ್ನು ಹೇಳುತ್ತದೆ. ಲಿಫ್ಟ್ ವರ್ಷದ ಎಲ್ಲ ದಿನಗಳಲ್ಲೂ ಸವೆಯುತ್ತದೆ. ಸುಸ್ಥಿತಿಯಲ್ಲಿ ಇರಿಸುವ ಹೊಣೆ ಎಂದಿಗೂ ಮಾಲೀಕರದೇ ಆಗಿರುತ್ತದೆ.

ಪ್ರಶ್ನೆ: ಮನೆಯೊಳಗಿನ ಸಣ್ಣ ಲಿಫ್ಟಿಗೂ ಪರೀಕ್ಷೆ ಅಗತ್ಯವೇ?
ಉತ್ತರ: ಅಗತ್ಯ. ಮನೆಯ ಲಿಫ್ಟಿನಲ್ಲಿ ಹೆಚ್ಚಾಗಿ ವೃದ್ಧರೇ ಒಂಟಿಯಾಗಿ ಸಂಚರಿಸುವುದರಿಂದ ಅಲಾರಂ, ತುರ್ತು ದೀಪ ಮತ್ತು ಎಆರ್‌ಡಿ ಸಾಧನದ ಪರೀಕ್ಷೆಗೆ ವಿಶೇಷ ಗಮನ ನೀಡಬೇಕು.

ಪ್ರಶ್ನೆ: ಬಾಡಿಗೆದಾರರು ವರದಿಯನ್ನು ಕೇಳಬಹುದೇ?
ಉತ್ತರ: ಮಾಲೀಕರನ್ನು ಅಥವಾ ಸಂಘವನ್ನು ಲಿಖಿತವಾಗಿ ಕೋರಬಹುದು. ಲಿಫ್ಟಿನಲ್ಲಿ ಅಪಾಯದ ಲಕ್ಷಣ ಕಂಡುಬಂದಲ್ಲಿ ಯಾವುದೇ ಬಳಕೆದಾರರು ವಿದ್ಯುತ್ ಪರಿವೀಕ್ಷಕರ ಗಮನಕ್ಕೆ ತರಬಹುದು.

ಪ್ರಶ್ನೆ: ಎಎಂಸಿ ಹಣ ಪಾವತಿಸಿದ್ದರೂ ಸರಿಯಾದ ಸೇವೆ ದೊರೆಯದಿದ್ದಲ್ಲಿ?
ಉತ್ತರ: ಮೊದಲು ಸಂಸ್ಥೆಗೆ ಲಿಖಿತ ಸೂಚನೆ ನೀಡಬೇಕು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಸೇವಾ ನ್ಯೂನತೆಯ ದೂರನ್ನು ಗ್ರಾಹಕ ಆಯೋಗದ ಮುಂದೆ ಸಲ್ಲಿಸಬಹುದು. ಇಲ್ಲಿಯೂ ಸ್ವತಂತ್ರ ವರದಿ ಉಪಯುಕ್ತ ಸಾಕ್ಷ್ಯವಾಗುತ್ತದೆ.

12. ಅರ್ಜಿದಾರರು ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

(1) ಅನುಮತಿ ಮತ್ತು ಪರವಾನಗಿಯ ಪ್ರತಿಗಳು
(2) ಲಿಫ್ಟಿನ ಅನುಮೋದಿತ ನಕ್ಷೆ. ನಿಗದಿತ ಭಾರ, ವೇಗ ಮತ್ತು ನಿಲುಗಡೆಗಳ ವಿವರ
(3) ಗವರ್ನರ್, ಸೇಫ್ಟಿ ಗೇರ್, ಬಾಗಿಲಿನ ಲಾಕ್, ಬಫರ್ ಹಾಗೂ ರೋಪ್‌ಗಳ ತಯಾರಕರ ಪರೀಕ್ಷಾ ಪ್ರಮಾಣಪತ್ರಗಳು
(4) ಭೂಸಂಪರ್ಕ ಮತ್ತು ಇನ್ಸುಲೇಷನ್ ಪರೀಕ್ಷೆಯ ಫಲಿತಾಂಶ
(5) ನಿರ್ವಹಣಾ ಒಪ್ಪಂದ ಮತ್ತು ಸರ್ವೀಸ್ ದಾಖಲೆ ಪುಸ್ತಕ
(6) ಹಿಂದಿನ ಎಲ್ಲ ಪರೀಕ್ಷಾ ವರದಿಗಳು ಮತ್ತು ಅವುಗಳ ಮೇಲೆ ಕೈಗೊಂಡ ಕ್ರಮದ ವಿವರ
(7) ಸಿಬ್ಬಂದಿಗೆ ತರಬೇತಿ ನೀಡಿದ ದಿನಾಂಕ ಮತ್ತು ಹಾಜರಾದವರ ಪಟ್ಟಿ

ಸೂಚನೆ: ಸಂಘದ ಪದಾಧಿಕಾರಿಗಳು ಬದಲಾಗುವಾಗ ಈ ದಾಖಲೆಗಳನ್ನು ಪಟ್ಟಿ ಮಾಡಿ, ಸಹಿ ಪಡೆದು ಹಸ್ತಾಂತರಿಸತಕ್ಕದ್ದು. ಹಳೆಯ ದಾಖಲೆ ಕಳೆದುಹೋದ ಲಿಫ್ಟಿನಲ್ಲಿ ಬ್ರೇಕ್ ಹಿಂದೆ ಹೇಗಿತ್ತು, ಈಗ ಎಷ್ಟು ಸವೆದಿದೆ ಎಂಬುದನ್ನು ಯಾವ ತಜ್ಞರೂ ಹೋಲಿಸಿ ಹೇಳಲಾರರು.